ಆ ರಾತ್ರಿ ನೀವು ಎಲ್ಲಿದ್ದಿರಿ?

ಕರೆಗಂಟೆ ಸದ್ದಾಗುತ್ತದೆ. ಮನೆಯೊಡತಿ ಬಾಗಿಲು ತೆಗೆದರೆ ಇಬ್ಬರು ಗಂಡಸರು ನಿಂತಿದ್ದಾರೆ. ಒಬ್ಬ ಎತ್ತರದ ಆಳು, ಐವತ್ತು ದಾಟಿದವನು. ದೊಡ್ಡ ಕನ್ನಡಕ, ಅದರ ಹಿಂದೆ ನಿದ್ದೆಗೆಟ್ಟಂತೆ ಊದಿದ ಕಣ್ಣುಗಳು, ಮೈಮೇಲೆ ತಿಳಿಬಣ್ಣದ ಉದ್ದ ಕೋಟು, ಒಪ್ಪವಾಗಿ ಕಟ್ಟಿದ ಟೈ. ಪಕ್ಕದಲ್ಲಿ ಕಿರಿಯ ಸಹಾಯಕ. ಒಳಗೆ ಬರಬಹುದೇ ಎಂದು ಕೇಳುತ್ತಾರೆ. ಬಂದು ಕೂತ ಮೇಲೂ ವಿಷಯ ಹೇಳುವ ಅವಸರ ಇಲ್ಲ. ಹಿರಿಯನ ಕಣ್ಣು ಗೋಡೆಯ ಫೋಟೊ, ಗಾಜಿನ ಕಪಾಟಿನ ಬಾಟಲಿಗಳು, ತೋಟದ ಕಡೆಗಿನ ದೊಡ್ಡ ಕಿಟಕಿಯ ಮೇಲೆ ಒಂದು ಸುತ್ತು ಹೋಗಿ ಬರುತ್ತದೆ. ಆಮೇಲೆ ಮೆಲ್ಲಗೆ ಹೇಳುತ್ತಾನೆ: ನಿಮ್ಮ ಗಂಡ ತೀರಿಕೊಂಡಿದ್ದಾರೆ. “ತೀರಿಕೊಂಡರೇ?” “ಹೌದು, ತೀರಿಕೊಂಡರು. ಕೊಲೆ.” “ಕೊಲೆಯೇ?” “ಹೌದು, ಕೊಲೆ.” ಅಷ್ಟು ಹೊತ್ತೂ ಕ್ಯಾಮೆರಾ ಆಕೆಯ ಮುಖ ಬಿಟ್ಟು ಕದಲುವುದಿಲ್ಲ. ಅದಾದ ಮೇಲೆ ಬರುವುದು ಎಲ್ಲ ಪೊಲೀಸರೂ ಕೇಳುವ ಆ ಪ್ರಶ್ನೆ: ಆ ರಾತ್ರಿ ನೀವು ಎಲ್ಲಿದ್ದಿರಿ?

ಇಂಥ ದೃಶ್ಯವೊಂದು ಇಲ್ಲದ ‘ಡೆರಿಕ್’ ಕಂತು ಸಿಗುವುದು ಕಷ್ಟ. ಪಶ್ಚಿಮ ಜರ್ಮನಿಯ ಎರಡನೇ ವಾಹಿನಿ ಜೆಡ್‌ಡಿಎಫ್‌ನಲ್ಲಿ 1974ರ ಅಕ್ಟೋಬರ್ 20ರಂದು ಶುರುವಾದ ಈ ಪತ್ತೇದಾರಿ ಧಾರಾವಾಹಿ ಮುಗಿದದ್ದು 1998ರ ಅಕ್ಟೋಬರ್ 16ರಂದು. ಶುರುವಾದಾಗ ದೇಶ ಎರಡಾಗಿತ್ತು, ಮುಗಿಯುವಾಗ ಒಂದಾಗಿತ್ತು. ಗಂಟೆ ಹೊತ್ತಿನ 281 ಕಂತುಗಳು, ನೂರಕ್ಕೂ ಹೆಚ್ಚು ದೇಶಗಳಲ್ಲಿ ಪ್ರಸಾರ. ಆ 281 ಕಂತುಗಳಲ್ಲೂ ಮ್ಯೂನಿಕ್ ಪೊಲೀಸ್ ಅಧಿಕಾರಿ ಸ್ಟೆಫಾನ್ ಡೆರಿಕ್ ಆಗಿ ಹೋರ್ಸ್ಟ್ ಟಾಪರ್ಟ್, ಸಹಾಯಕ ಹ್ಯಾರಿ ಕ್ಲೈನ್ ಆಗಿ ಫ್ರಿಟ್ಸ್ ವೆಪ್ಪರ್. ಅಷ್ಟನ್ನೂ ಬರೆದವನು ಒಬ್ಬನೇ, ಹೆರ್ಬರ್ಟ್ ರೈನೆಕರ್.

ಎಂಬತ್ತರ ದಶಕದಲ್ಲಿ ದೂರದರ್ಶನ ನೋಡಿ ಬೆಳೆದ ಕನ್ನಡಿಗರಿಗೆ ಡೆರಿಕ್‌ಗಿಂತ ಅದರ ದಾಯಾದಿಯ ಪರಿಚಯ ಹೆಚ್ಚು. ‘ದಿ ಓಲ್ಡ್ ಫಾಕ್ಸ್’ ಎಂಬ ಹೆಸರಿನಲ್ಲಿ, ತುಟಿಗೂ ಮಾತಿಗೂ ಅಷ್ಟಾಗಿ ಹೊಂದದ ಇಂಗ್ಲಿಷ್ ಡಬ್ಬಿಂಗ್‌ನಲ್ಲಿ ಬರುತ್ತಿದ್ದ ಆ ಧಾರಾವಾಹಿಯ ಮೂಲ ಹೆಸರು ‘ಡೆರ್ ಆಲ್ಟೆ’. ‘ಟೆಲಿಮ್ಯಾಚ್’ನ ನೀರಾಟ, ಡೀಡಿ ಎಂಬ ಹಾಸ್ಯನಟನ ಕಾರ್ಯಕ್ರಮಗಳ ಜೊತೆಗೆ ಜರ್ಮನಿಯಿಂದ ನಮ್ಮ ಒಂದೇ ಒಂದು ವಾಹಿನಿಗೆ ಬಂದಿಳಿದ ಸರಕು ಅದು. ಸಿಡುಕು ಮೋರೆಯ, ಗುಂಡುಗುಂಡಾದ ಮುದುಕ ಇನ್‌ಸ್ಪೆಕ್ಟರ್ ಕ್ಯೋಸ್ಟರ್ ತನ್ನ ಮೇಲಿನವರ ಮಾತಿಗೆ ಸೊಪ್ಪು ಹಾಕದೆ, ಕೊಲೆಗಾರನಿಗೆ ಗಾಳ ಹಾಕಿ ಕೂರುತ್ತಿದ್ದ. ಆ ಪಾತ್ರ ಮಾಡಿದ ಜೀಗ್‌ಫ್ರೀಡ್ ಲೋವಿಟ್ಸ್ ಡೆರಿಕ್‌ನ ಆರಂಭದ ಕಂತೊಂದರಲ್ಲಿ ಅತಿಥಿಯಾಗಿ ಬಂದು ಹೋಗಿದ್ದವನೇ. ಎರಡನ್ನೂ ತಯಾರಿಸಿದವನು ಹೆಲ್ಮುಟ್ ರಿಂಗಲ್‌ಮನ್. ಎರಡೂ ನಡೆಯುವುದು ಮ್ಯೂನಿಕ್‌ನಲ್ಲೇ. ಒಂದು ಮನೆತನದ ಎರಡು ಕವಲು ಎನ್ನಬಹುದು. ಆ ಮನೆತನದ ಹಿರಿಯ ‘ಡೆರ್ ಕೊಮಿಸಾರ್’. ಕಥೆ ಅಲ್ಲಿಂದ ಶುರು ಮಾಡಬೇಕು.

ಶುಕ್ರವಾರ, ಎಂಟೂಕಾಲು

ಪಶ್ಚಿಮ ಜರ್ಮನಿಗೆ ಬಣ್ಣದ ಟೆಲಿವಿಷನ್ ಬಂದದ್ದು 1967ರ ಆಗಸ್ಟ್ 25ರಂದು. ಬರ್ಲಿನ್‌ನ ಪ್ರದರ್ಶನವೊಂದರಲ್ಲಿ ಆಗಿನ ವಿದೇಶಾಂಗ ಸಚಿವ ವಿಲಿ ಬ್ರಾಂಟ್ ಗುಂಡಿ ಒತ್ತಿ ಅದನ್ನು ಉದ್ಘಾಟಿಸಿದ್ದ. ಅದಾಗಿ ಹದಿನಾರು ತಿಂಗಳ ಮೇಲೆ, 1969ರ ಜನವರಿ 3ರ ಶುಕ್ರವಾರ, ಜೆಡ್‌ಡಿಎಫ್ ‘ಡೆರ್ ಕೊಮಿಸಾರ್’ ಎಂಬ ಹೊಸ ಪತ್ತೇದಾರಿ ಧಾರಾವಾಹಿಯನ್ನು ಕಪ್ಪು ಬಿಳುಪಿನಲ್ಲಿ ಶುರು ಮಾಡಿತು. 1976ರ ಜನವರಿಯಲ್ಲಿ 97ನೇ ಕಂತಿನೊಂದಿಗೆ ಮುಗಿಯುವವರೆಗೂ ಅದು ಕಪ್ಪು ಬಿಳುಪಾಗಿಯೇ ಉಳಿಯಿತು. ಒದ್ದೆ ರಸ್ತೆ, ಬೀದಿದೀಪದ ಕೆಳಗೆ ಬಿದ್ದ ಹೆಣ, ಸಿಗರೇಟು ಹೊಗೆ ತುಂಬಿದ ಕಚೇರಿಗಳಿಗೆ ಆ ಬೂದು ಬಣ್ಣ ಹೇಳಿಮಾಡಿಸಿದಂತಿತ್ತು. ಎರಿಕ್ ಓಡೆಯ ಕಮಿಷನರ್ ಕೆಲ್ಲರ್ ತನ್ನ ಹುಡುಗರಿಗೆ ತಂದೆಯ ಹಾಗೆ. ಆ ಹುಡುಗರಲ್ಲಿ ಎಲ್ಲರಿಗಿಂತ ಚಿಕ್ಕವನು ಹ್ಯಾರಿ ಕ್ಲೈನ್, ಅಂದರೆ ಫ್ರಿಟ್ಸ್ ವೆಪ್ಪರ್.

1974ರಲ್ಲಿ ಡೆರಿಕ್ ಶುರುವಾದಾಗ ರಿಂಗಲ್‌ಮನ್ ಒಂದು ಜಾಣ ಕೆಲಸ ಮಾಡಿದ. ಹ್ಯಾರಿಯನ್ನು ಹಳೆಯ ಧಾರಾವಾಹಿಯಿಂದ ಹೊಸದಕ್ಕೆ ವರ್ಗ ಮಾಡಿಸಿದ, ನಿಜವಾದ ಸರ್ಕಾರಿ ವರ್ಗಾವಣೆಯ ಹಾಗೆಯೇ. ಖಾಲಿಯಾದ ಜಾಗಕ್ಕೆ ಹ್ಯಾರಿಯ ತಮ್ಮ ಎರ್ವಿನ್ ಕ್ಲೈನ್ ಬಂದ. ಆ ಪಾತ್ರ ಮಾಡಿದವನು ಫ್ರಿಟ್ಸ್‌ನ ಸ್ವಂತ ತಮ್ಮ ಎಲ್ಮರ್ ವೆಪ್ಪರ್. ನೋಡುವವರಿಗೆ ಇದು ತಾವು ಬಲ್ಲ ಊರು, ಬಲ್ಲ ಠಾಣೆ, ಅಲ್ಲಿ ಜನ ಬಂದು ಹೋಗುತ್ತಿರುತ್ತಾರೆ ಎನ್ನುವ ಭಾವನೆ ಮೂಡಿತು.

ಟಾಪರ್ಟ್ ಅದಕ್ಕೆ ಮುಂಚೆ ಹೆಸರು ಮಾಡಿದ್ದು ಕಳ್ಳನಾಗಿ. ಇಂಗ್ಲೆಂಡಿನಲ್ಲಿ 1963ರಲ್ಲಿ ನಡೆದ ದೊಡ್ಡ ರೈಲು ದರೋಡೆಯನ್ನು ಆಧರಿಸಿ 1966ರಲ್ಲಿ ಮೂರು ಭಾಗಗಳ ಟೆಲಿಚಿತ್ರ ಬಂದಾಗ ಅದರಲ್ಲಿ ದರೋಡೆಯ ಸೂತ್ರಧಾರ ಅವನೇ. ಅಳೆದು ತೂಗಿ ಮಾತಾಡುವ, ದನಿ ಏರಿಸದ ಆ ಶಿಸ್ತು ಮುಂದೆ ಪೊಲೀಸನಿಗೂ ಒದಗಿತು. ಡೆರಿಕ್‌ಗೆ ಮನೆ ಮಠ ಎಂಬುದು ಹೆಚ್ಚೂಕಡಿಮೆ ಇಲ್ಲ. ಬಂದೂಕು ಹೊರಗೆ ತೆಗೆಯುವುದು ಅಪರೂಪ. ಕಾರು ಮಾತ್ರ ಬಿಎಂಡಬ್ಲ್ಯು, ಅದೇ ಊರಿನ ಕಾರ್ಖಾನೆಯದು. ಬಾಗಿಲ ಮುಂದೆ ನಿಂತು ಕಾಯುವುದೇ ಅವನ ವಿಧಾನ. ಒಂದೇ ಮನೆಗೆ ಮೂರು ಸಲ, ನಾಲ್ಕು ಸಲ ಹೋಗುತ್ತಾನೆ. ಪ್ರತಿ ಸಲವೂ ಒಂದು ಸಣ್ಣ ಪ್ರಶ್ನೆ ಕೇಳಿ ಎದ್ದು ಬರುತ್ತಾನೆ. ಒಳಗಿದ್ದವನ ನಿದ್ದೆ ಕೆಡುವುದಕ್ಕೆ ಅಷ್ಟು ಸಾಕು.

ಆರಂಭದ ಕಂತುಗಳಲ್ಲಿ ಕೊಲೆಗಾರ ಯಾರೆಂದು ಮೊದಲೇ ತೋರಿಸಿಬಿಡುತ್ತಿದ್ದರು. ‘ವಾಲ್ಟ್‌ವೆಗ್’ ಎಂಬ ಮೊದಲ ಕಂತಿನಲ್ಲಿ ಕಾಡುದಾರಿಯಲ್ಲಿ ಹುಡುಗಿಯೊಬ್ಬಳ ಕೊಲೆಯಾಗುತ್ತದೆ. ಕೊಂದವನು ಅವಳ ಶಾಲೆಯ ಮೇಷ್ಟರು. ಆ ಪಾತ್ರ ಮಾಡಿದ ವೂಲ್ಫ್‌ಗ್ಯಾಂಗ್ ಕೀಲಿಂಗ್‌ನ ಮುಖ ಹಿಚ್‌ಕಾಕ್ ಅಭಿಮಾನಿಗಳಿಗೆ ನೆನಪಿರಬೇಕು. ‘ಟಾರ್ನ್ ಕರ್ಟನ್’ನಲ್ಲಿ ಪಾಲ್ ನ್ಯೂಮನ್ ತಿಣುಕಾಡಿ, ಎಷ್ಟೋ ಹೊತ್ತು ಹೆಣಗಿ ಕೊಲ್ಲುವುದು ಅವನನ್ನೇ. ಇಲ್ಲಿ ಅವನ ಹಣೆಯ ಬೆವರು, ಸಹೋದ್ಯೋಗಿಗಳ ಎದುರಿನ ಅತಿ ಸಭ್ಯತೆ, ಇವನಿಗೆ ಗೊತ್ತಾಗಿದೆಯೋ ಇಲ್ಲವೋ ಎಂದು ಡೆರಿಕ್ ಮುಖವನ್ನು ಓದಲು ಪಡುವ ಪಾಡು ಇವೇ ಕಥೆಯಾಗುತ್ತವೆ. ಯಾರು ಎಂಬ ಕುತೂಹಲದ ಜಾಗದಲ್ಲಿ, ತಪ್ಪು ಮಾಡಿದ ಮನುಷ್ಯ ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಹೇಗೆ ಓಡಾಡುತ್ತಾನೆ ಎಂಬ ಕುತೂಹಲ. ನನ್ನ ಮಟ್ಟಿಗೆ ಧಾರಾವಾಹಿಯ ಅತ್ಯುತ್ತಮ ಕಂತುಗಳು ಈ ಬಗೆಯವೇ. ಆದರೆ ವೀಕ್ಷಕರಿಗೆ ಇದು ಒಗ್ಗಲಿಲ್ಲ. ಕೊಲೆಗಾರನನ್ನು ಊಹಿಸುವ ಸುಖ ತಪ್ಪಿತೆಂದು ಆಕ್ಷೇಪ ಬಂತು. ಮುಂದಿನ ಕಂತುಗಳು ಸಾಮಾನ್ಯವಾಗಿ ಎಲ್ಲರಿಗೂ ಗೊತ್ತಿರುವ ದಾರಿಗೆ ಮರಳಿದವು.

ಮ್ಯೂನಿಕ್ ಎಂದರೆ ಇಲ್ಲಿ ಬಿಯರ್ ಹಬ್ಬದ ಊರಲ್ಲ. ಗ್ರ್ಯೂನ್‌ವಾಲ್ಟ್, ಬೋಗನ್‌ಹೌಸನ್‌ನಂಥ ಸ್ಥಿತಿವಂತರ ಬಡಾವಣೆಗಳು, ಗೇಟಿನಿಂದ ಬಾಗಿಲವರೆಗೆ ಜಲ್ಲಿ ಹಾಸಿದ ದಾರಿ, ಹಾಲ್‌ನಲ್ಲಿ ಪಿಯಾನೊ. ಯುದ್ಧ ಸೋತು ಬೂದಿಯಾಗಿದ್ದ ದೇಶ ಇಪ್ಪತ್ತು ಇಪ್ಪತ್ತೈದು ವರ್ಷದಲ್ಲಿ ಕಂಡ ಸಿರಿಯೆಲ್ಲ ಆ ಕೋಣೆಗಳಲ್ಲಿದೆ. ಡೆರಿಕ್ ಕಾಲಿಡುವುದು ಅಲ್ಲಿಗೆ. ಕೊಲೆಗಾರ ಹೆಚ್ಚಿನ ಸಲ ಕಾರ್ಖಾನೆ ಮಾಲೀಕ, ವಕೀಲ, ವೈದ್ಯ, ಇಲ್ಲವೇ ಅವರ ಮಗ. ಮನೆಯವರಿಗೆಲ್ಲ ಅದು ಗೊತ್ತಿರುತ್ತದೆ, ಯಾರೂ ಬಾಯಿ ಬಿಡುವುದಿಲ್ಲ. ಅಮ್ಮ ಮಗನಿಗಾಗಿ ಸುಳ್ಳು ಹೇಳುತ್ತಾಳೆ, ಹೆಂಡತಿ ಗಂಡನಿಗಾಗಿ. ರಾತ್ರಿ ಹತ್ತಕ್ಕೆ ಮನೆಯಲ್ಲೇ ಇದ್ದರು, ಟಿ.ವಿ. ನೋಡುತ್ತಿದ್ದೆವು ಎನ್ನುತ್ತಾರೆ.

ಇದೇ ಕಾಲಕ್ಕೆ ಎದುರಾಳಿ ವಾಹಿನಿ ಎಆರ್‌ಡಿಯಲ್ಲಿ 1970ರಿಂದ ‘ಟಾಟೋರ್ಟ್’ ಬರುತ್ತಿತ್ತು. ಅದರದು ಬೇರೆಯೇ ಪದ್ಧತಿ. ಪ್ರಾದೇಶಿಕ ಕೇಂದ್ರಗಳು ತಂತಮ್ಮ ಊರು, ತಂತಮ್ಮ ಪೊಲೀಸರನ್ನಿಟ್ಟು ಸರದಿಯಂತೆ ಕಂತು ಮಾಡುತ್ತಿದ್ದವು. 1981ರಲ್ಲಿ ಅಲ್ಲಿ ಡೂಯಿಸ್‌ಬುರ್ಗ್‌ನ ಶಿಮಾನ್‌ಸ್ಕಿ ಬಂದ. ಕೊಳಕು ಜಾಕೆಟ್ಟು, ಬಾಯಿ ತುಂಬ ಬೈಗುಳ, ಮಾತಿಗೆ ಮುಂಚೆ ಕೈ. ಯುವಕರೆಲ್ಲ ಅವನ ಕಡೆ ವಾಲಿದರು. ಡೆರಿಕ್ ಮಾತ್ರ ತನ್ನ ಟೈ ಸಡಿಲಿಸಲಿಲ್ಲ. ತೊಂಬತ್ತರ ದಶಕದ ಕಂತುಗಳಲ್ಲಿ ಅವನು ಪತ್ತೇದಾರಿಕೆಗಿಂತ ಪ್ರವಚನ ಹೆಚ್ಚು ಮಾಡುತ್ತಾನೆ ಎಂದು ವಿಮರ್ಶಕರು ದೂರಿದ್ದರಲ್ಲಿ ಹುರುಳಿದೆ. ವಯಸ್ಸಿನಲ್ಲಿ ಎಂಬತ್ತರ ಹೊಸ್ತಿಲಿನಲ್ಲಿದ್ದ ರೈನೆಕರ್‌ಗೆ ಕೊಲೆಯ ವಿವರಗಳಲ್ಲಿ ಆಸಕ್ತಿ ಹೋಗಿ, ಮನುಷ್ಯ ಯಾಕೆ ಕೆಡುತ್ತಾನೆ ಎಂಬುದೊಂದೇ ಕಾಡತೊಡಗಿತ್ತು. ಪಾತ್ರಗಳು ಒಂದೇ ವಾಕ್ಯವನ್ನು ಎರಡೆರಡು ಸಲ ಹೇಳುತ್ತಾ ಕತ್ತಲ ಕೋಣೆಯಲ್ಲಿ ನಿಲ್ಲುತ್ತವೆ. ಹಾಗಿದ್ದೂ ಆ ಕಂತುಗಳನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಟೆಲಿವಿಷನ್ನಿನಲ್ಲಿ ಅಷ್ಟೊಂದು ಕೊಲೆಗಳ ನಡುವೆ ಒಂದು ಸಾವನ್ನೂ ಹಗುರಾಗಿ ತೆಗೆದುಕೊಳ್ಳದ ಬರಹಗಾರ ಅಪರೂಪ.

ಒಂದೇ ಚೌಕಟ್ಟಿನಲ್ಲಿ

1974ರ ನವೆಂಬರ್ 3ರಂದು ಪ್ರಸಾರವಾದ ಎರಡನೇ ಕಂತಿನ ಹೆಸರು ‘ಯೊಹಾನಾ’. ಹಣವಂತೆಯಾದ, ತನಗಿಂತ ವಯಸ್ಸಿನಲ್ಲಿ ಹಿರಿಯಳಾದ ಹೆಂಡತಿಯನ್ನು ಗಂಡ ಕೊಲ್ಲುತ್ತಾನೆ. ಕೊಂದು ನಿರಾಳವಾಗುವಷ್ಟರಲ್ಲಿ ಅವಳ ಸೋದರಿ ಯೊಹಾನಾ ಬರುತ್ತಾಳೆ. ಅದೇ ಮುಖ, ಅದೇ ನಡಿಗೆ. ಸತ್ತವಳೇ ಎದ್ದು ಬಂದು ಎದುರಿಗೆ ಕೂತಂತೆ. ಎರಡೂ ಪಾತ್ರ ಲಿಲಿ ಪಾಲ್ಮರ್‌ದು. ಗಂಡನ ಪಾತ್ರದ ಹೆಲ್ಮುಟ್ ಲೋನರ್ ಆ ಮುಖದ ಎದುರು ತುಂಡು ತುಂಡಾಗಿ ಕುಸಿಯುವುದನ್ನು ನೋಡಬೇಕು. ಡೆರಿಕ್‌ಗೆ ಇಲ್ಲಿ ಹೆಚ್ಚಿನ ಕೆಲಸವೇ ಇಲ್ಲ. ಪಕ್ಕಕ್ಕೆ ನಿಂತು ನೋಡುತ್ತಾನೆ. “ಹ್ಯಾರಿ, ಹೋಗಿ ಕಾರು ತಾ” ಎಂಬ ಮಾತು ಡೆರಿಕ್‌ನ ಹೆಸರಿನಲ್ಲಿ ಜರ್ಮನರ ನಾಲಿಗೆಯ ಮೇಲೆ ಇಂದಿಗೂ ಇದೆ. ಆ ರೂಪದಲ್ಲಿ ಅವನು ಅದನ್ನು ಎಂದೂ ಹೇಳಿಲ್ಲ. ಅದಕ್ಕೆ ಹತ್ತಿರದ ಮಾತೊಂದು ಬರುವುದು ಇದೇ ಕಂತಿನಲ್ಲಿ.

ಆದರೆ ಈ ಕಂತನ್ನು ನಾನು ಮತ್ತೆ ಮತ್ತೆ ನೋಡುವುದು ಬೇರೆ ಕಾರಣಕ್ಕೆ. ಅದನ್ನು ಮಾಡಿದ ನಾಲ್ಕು ಜನರನ್ನು ಒಬ್ಬೊಬ್ಬರನ್ನಾಗಿ ಗಮನಿಸಬೇಕು.

ಲಿಲಿ ಪಾಲ್ಮರ್ 1914ರಲ್ಲಿ ಯಹೂದಿ ಮನೆತನದಲ್ಲಿ ಹುಟ್ಟಿದವಳು. 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದಾಗ ಇನ್ನೂ ಹತ್ತೊಂಬತ್ತು ತುಂಬದ ನಟಿ. ರಂಗದಿಂದ ಹೊರಬಿದ್ದು ಪ್ಯಾರಿಸ್‌ಗೆ ಓಡಿದಳು, ಅಲ್ಲಿಂದ ಲಂಡನ್, ಹಾಲಿವುಡ್. ಜರ್ಮನ್ ಸಿನಿಮಾಕ್ಕೆ ಆಕೆ ಮರಳಿದ್ದು ಐವತ್ತರ ದಶಕದಲ್ಲಿ. ಕಂತಿನ ನಿರ್ದೇಶಕ ಲಿಯೋಪೋಲ್ಡ್ ಲಿಂಟ್‌ಬರ್ಗ್ ವಿಯೆನ್ನಾದ ಯಹೂದಿ. ಅವನೂ ಅದೇ 1933ರಲ್ಲಿ ಜರ್ಮನಿ ಬಿಟ್ಟು ಜ್ಯೂರಿಕ್ ಸೇರಿದವನು. ಕನ್ನಡ ರಂಗಭೂಮಿ ತನ್ನವನನ್ನಾಗಿ ಮಾಡಿಕೊಂಡ ಬ್ರೆಕ್ಟ್‌ನ ‘ಮದರ್ ಕರೇಜ್’ 1941ರಲ್ಲಿ ಮೊದಲ ಸಲ ರಂಗಕ್ಕೆ ಬಂದದ್ದು ಜ್ಯೂರಿಕ್‌ನಲ್ಲಿ, ಈ ಲಿಂಟ್‌ಬರ್ಗ್‌ನ ನಿರ್ದೇಶನದಲ್ಲಿ. ಗಡಿ ದಾಟಿ ಸ್ವಿಟ್ಜರ್‌ಲೆಂಡ್ ಸೇರಲು ಹೆಣಗುವ ನಿರಾಶ್ರಿತರ ಬಗ್ಗೆ 1945ರಲ್ಲಿ ‘ದಿ ಲಾಸ್ಟ್ ಚಾನ್ಸ್’ ಎಂಬ ಸಿನಿಮಾ ಮಾಡಿದವನೂ ಅವನೇ.

ಇನ್ನು ಬರೆದವನು. ರೈನೆಕರ್ ಹುಟ್ಟಿದ್ದೂ 1914ರಲ್ಲೇ, ಹಾಗೆನ್ ಎಂಬ ಊರಿನಲ್ಲಿ. ಹಿಟ್ಲರ್ ಯುವದಳದ ಪತ್ರಿಕೆಗಳನ್ನು ಸಂಪಾದಿಸುತ್ತಿದ್ದ. ಯುದ್ಧ ಶುರುವಾದ ಮೇಲೆ ನಾಜಿ ಪಕ್ಷದ ಸಶಸ್ತ್ರ ದಳವಾದ ವಾಫೆನ್ ಎಸ್‌ಎಸ್‌ನ ಯುದ್ಧ ವರದಿಗಾರನಾದ, ಎಸ್‌ಎಸ್‌ನ ಮುಖವಾಣಿ ‘ಡಾಸ್ ಶ್ವಾರ್ಟ್ಸೆ ಕೋರ್’ಗೆ ಬರೆದ. ಹುಡುಗರನ್ನು ವಿಮಾನ ಕಾರ್ಖಾನೆಯ ದುಡಿಮೆಗೂ ವಿಧೇಯತೆಗೂ ಹದಗೊಳಿಸುವ ‘ಯುಂಗೆ ಆಡ್ಲರ್’ ಎಂಬ 1944ರ ಪ್ರಚಾರ ಚಿತ್ರದ ಕಥೆಯಲ್ಲಿ ಅವನ ಕೈ ಇತ್ತು. ಆ ಚಿತ್ರದ ನಿರ್ದೇಶಕ ಆಲ್ಫ್ರೆಡ್ ವೈಡೆನ್‌ಮನ್. ಯುದ್ಧ ಮುಗಿದ ಮೇಲೂ ಈ ಜೋಡಿ ಬೇರೆಯಾಗಲಿಲ್ಲ. ಡೆರಿಕ್‌ನ ಹತ್ತಾರು ಕಂತುಗಳಿಗೆ ನಿರ್ದೇಶಕ ಅದೇ ವೈಡೆನ್‌ಮನ್.

ನಾಲ್ಕನೆಯವನು ಟಾಪರ್ಟ್. ಅವನ ವಿಷಯ ಆಗ ಯಾರಿಗೂ ಗೊತ್ತಿರಲಿಲ್ಲ.

ಅಂದರೆ, ಊರು ಬಿಟ್ಟು ಓಡಬೇಕಾಗಿ ಬಂದ ಇಬ್ಬರು, ಅವರನ್ನು ಓಡಿಸಿದ ವ್ಯವಸ್ಥೆಯ ಸಮವಸ್ತ್ರ ತೊಟ್ಟಿದ್ದ ಇಬ್ಬರು, ಒಂದೇ ಸ್ಟುಡಿಯೋದಲ್ಲಿ ಕಾಫಿ ಕುಡಿದು ಕೆಲಸ ಮಾಡಿದರು. ಮಾಡಿದ ಕಥೆ ಏನು? ಕೊಂದವನ ಎದುರು ಕೊಲೆಯಾದವಳ ಮುಖ ಮರಳಿ ಬಂದು ಕೂರುವ ಕಥೆ. ರೈನೆಕರ್ ಇದನ್ನು ಉದ್ದೇಶಿಸಿ ಬರೆದ ಎಂದು ನಾನು ಹೇಳಲಾರೆ. ಉದ್ದೇಶವಿಲ್ಲದೆಯೂ ಕಥೆಗಳು ತಮ್ಮ ಕಾಲವನ್ನು ಆಡಿಬಿಡುತ್ತವೆ ಎಂದು ನಂಬುತ್ತೇನೆ.

ಲಿಂಟ್‌ಬರ್ಗ್ ಒಬ್ಬನೇ ಅಲ್ಲ. ಡೆರಿಕ್ ಮತ್ತು ಕೊಮಿಸಾರ್ ಎರಡಕ್ಕೂ ಕಂತುಗಳನ್ನು ಮಾಡಿದ ಇನ್ನೊಬ್ಬ ನಿರ್ದೇಶಕ ಜೆಕ್ ದೇಶದ ಜ್ಬಿನೆಕ್ ಬ್ರಿನಿಖ್. 1962ರಲ್ಲಿ ‘ಟ್ರಾನ್ಸ್‌ಪೋರ್ಟ್ ಫ್ರಂ ಪ್ಯಾರಡೈಸ್’ ಎಂಬ ಚಿತ್ರ ಮಾಡಿದ್ದ. ಯಹೂದಿಗಳನ್ನು ಕೂಡಿಹಾಕಿದ್ದ ಟೆರೆಜಿನ್ ಘೆಟ್ಟೊದಿಂದ ಸಾವಿನ ಶಿಬಿರಗಳತ್ತ ಜನರನ್ನು ಪಟ್ಟಿ ಮಾಡಿ ಸಾಗಿಸುವುದರ ಕಥೆ ಅದು. ಆಮೇಲೆ ಮ್ಯೂನಿಕ್‌ಗೆ ಬಂದು ಎಸ್‌ಎಸ್ ವರದಿಗಾರನಾಗಿದ್ದವನ ಚಿತ್ರಕಥೆಗಳಿಗೆ ಕ್ಯಾಮೆರಾ ಹಿಡಿಸಿದ. ಅವನ ಕಂತುಗಳು ಒಂದೇ ನೋಟಕ್ಕೆ ಗೊತ್ತಾಗುತ್ತವೆ. ಮುಖಗಳನ್ನು ತೀರಾ ಹತ್ತಿರದಿಂದ, ಕೆಲವೊಮ್ಮೆ ವಿಕಾರವಾಗುವಷ್ಟು ಹತ್ತಿರದಿಂದ ತೋರಿಸುತ್ತಾನೆ. ಹಿನ್ನೆಲೆಯಲ್ಲಿ ಒಂದೇ ಪಾಪ್ ಹಾಡು ಸಂಬಂಧವೇ ಇಲ್ಲವೆಂಬಂತೆ ಮತ್ತೆ ಮತ್ತೆ ಬರುತ್ತದೆ. ಒಬ್ಬ ಬರಹಗಾರನ ಮಾತಿನ ಮೇಲೆ ವೈಡೆನ್‌ಮನ್‌ನ ಕಣ್ಣು, ಬ್ರಿನಿಖ್‌ನ ಕಣ್ಣು ಸರದಿಯಂತೆ ಹಾಯುತ್ತಿತ್ತು. ಯಾವ ಇತಿಹಾಸದ ಪುಸ್ತಕಕ್ಕಿಂತಲೂ ಚೆನ್ನಾಗಿ ಯುದ್ಧಾನಂತರದ ಜರ್ಮನಿಯ ಬಿಕ್ಕಟ್ಟು ಈ ಒಂದು ಸಂಗತಿಯಿಂದ ನನಗೆ ಅರ್ಥವಾಗಿದೆ.

ಧಾರಾವಾಹಿ ತೆರೆಯ ಮೇಲೆ ಯುದ್ಧದ ಸುದ್ದಿ ಎತ್ತಿದ್ದು ತೀರಾ ಅಪರೂಪ. ಹೊರಗಿನ ಜಗತ್ತು ಮಾತ್ರ ಸುಮ್ಮನಿರಲಿಲ್ಲ. 1977ರ ಏಪ್ರಿಲ್ 7ರಂದು ದೇಶದ ಅತ್ಯುನ್ನತ ಸರ್ಕಾರಿ ಅಭಿಯೋಜಕ ಜೀಗ್‌ಫ್ರೀಡ್ ಬುಬಾಕ್‌ನನ್ನು ರೆಡ್ ಆರ್ಮಿ ಬಣ ಎಂಬ ಎಡಪಂಥೀಯ ಉಗ್ರರ ಗುಂಪಿನವರು ಕಾರ್ಲ್ಸ್‌ರೂಹೆಯ ರಸ್ತೆಯಲ್ಲಿ ಗುಂಡಿಟ್ಟು ಕೊಂದರು. ‘ಡೆರ್ ಆಲ್ಟೆ’ಯ ಮೊದಲ ಕಂತು ಪ್ರಸಾರವಾದದ್ದು ಅದಾದ ನಾಲ್ಕನೇ ದಿನ, ಈಸ್ಟರ್ ಸೋಮವಾರ. ನಿಮ್ಮ ಪೀಳಿಗೆ ಏನು ಮಾಡಿತು ಎಂದು ಮಕ್ಕಳು ಅಪ್ಪಂದಿರನ್ನು ಕೇಳುತ್ತಿದ್ದ ಕಾಲ. ಕೆಲವರು ಕೇಳುವುದನ್ನು ಬಿಟ್ಟು ಬಂದೂಕು ಹಿಡಿದಿದ್ದರು. ಡ್ಯೂಸೆಲ್‌ಡಾರ್ಫ್‌ನಲ್ಲಿ ಮಾಯ್ಡಾನೆಕ್ ಶಿಬಿರದ ಕಾವಲುಗಾರರ ವಿಚಾರಣೆ 1975ರಿಂದ 1981ರವರೆಗೆ ಎಳೆಯಿತು.

1979ರ ಜನವರಿಯಲ್ಲಿ ‘ಹೋಲೊಕಾಸ್ಟ್’ ಎಂಬ ಅಮೆರಿಕದ ಧಾರಾವಾಹಿ ಪಶ್ಚಿಮ ಜರ್ಮನಿಯ ಮನೆಮನೆಗೆ ಬಂತು. ಒಂದು ಯಹೂದಿ ಕುಟುಂಬದ ನಾಶದ ಕಥೆ ನೋಡಿ ಜನ ಕಂಗಾಲಾದರು. ಅದೇ ವರ್ಷ ಸಂಸತ್ತಿನ ಮುಂದೆ ಒಂದು ದೊಡ್ಡ ಪ್ರಶ್ನೆ ಇತ್ತು. ಇಷ್ಟು ವರ್ಷವಾದ ಮೇಲೆ ಕೊಲೆಗೆ ಮೊಕದ್ದಮೆ ಹೂಡುವಂತಿಲ್ಲ ಎಂಬ ಕಾಲಮಿತಿ ಹಾಗೇ ಮುಂದುವರಿದರೆ ನಾಜಿ ಕಾಲದ ಕೊಲೆಗಾರರೆಲ್ಲ ಪಾರಾಗಿಬಿಡುತ್ತಿದ್ದರು. ಮಿತಿಯನ್ನು ಅದಕ್ಕೂ ಮುಂಚೆ ಎರಡು ಸಲ ಮುಂದಕ್ಕೆ ಹಾಕಿದ್ದರು. 1979ರ ಜುಲೈ 3ರಂದು ಸಂಸತ್ತು ಅದನ್ನು ಪೂರ್ತಿ ತೆಗೆದುಹಾಕಿತು. ಕೊಲೆಗೆ ಇನ್ನು ಮೇಲೆ ಗಡುವು ಇಲ್ಲ. ಡೆರಿಕ್ ಹೋಗಿ ಬಾಗಿಲು ಬಡಿಯುತ್ತಿದ್ದ ಜಲ್ಲಿದಾರಿಯ ಮನೆಗಳಲ್ಲಿ ಆ ವರ್ಷ ಎಷ್ಟು ಜನ ಅಜ್ಜಂದಿರು ಟಿ.ವಿ. ಆರಿಸಿ ಎದ್ದು ಹೋಗಿರಬೇಕು.

ಇದನ್ನೆಲ್ಲ ಕಣ್ಣ ಮುಂದಿಟ್ಟುಕೊಂಡರೆ ಧಾರಾವಾಹಿಯ ಆ ನಿಧಾನಕ್ಕೆ, ಆ ಮೌನಕ್ಕೆ ಬೇರೆಯೇ ತೂಕ ಬರುತ್ತದೆ. ಡೆರಿಕ್ ಯಾಕೆ ಪ್ರಪಂಚ ಗೆದ್ದ ಎಂಬುದಕ್ಕೆ ಇಟಲಿಯ ಲೇಖಕ ಉಂಬರ್ಟೊ ಎಕೊ ಒಂದು ವಿವರಣೆ ಕೊಟ್ಟಿದ್ದಾನೆ. ಸಾಧಾರಣತೆಯ ಮೇಲೆ ಜನರಿಗಿರುವ ಮೋಹ, ನೋಡುವವನನ್ನು ಎಲ್ಲಿಯೂ ಮೀರಿ ನಿಲ್ಲದ ನಾಯಕ ಎಂಬ ಧಾಟಿಯ ವಾದ. ಎಕೊನ ಜಾಣ್ಮೆಗೆ ತಲೆಬಾಗುತ್ತೇನೆ, ಈ ವಾದಕ್ಕೆ ಅಲ್ಲ. ಇಟಲಿಯಿಂದ ಚೀನಾದವರೆಗೆ ಜನ ನೋಡಿದ್ದು ಸಾಧಾರಣ ಮನುಷ್ಯನನ್ನಲ್ಲ. ತಪ್ಪಿತಸ್ಥನ ಮನೆಗೆ ಹೋಗಿ, ಅವನ ಎದುರು ಕೂತು, ಕೂಗಾಡದೆ, ಅವನು ತಾನಾಗಿ ಹೇಳುವ ತನಕ ಏಳದವನನ್ನು. ಅಂಥ ಒಬ್ಬ ಜರ್ಮನ್ ಅಧಿಕಾರಿ ಇರಲಿ ಎಂದು ಯುದ್ಧದ ನೆನಪಿದ್ದ ದೇಶಗಳಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಹಿಟ್ಲರನ ಸೇನೆ ಐದು ವರ್ಷ ಆಕ್ರಮಿಸಿ ಕೂತಿದ್ದ ನಾರ್ವೆಯಲ್ಲಿ ಟಾಪರ್ಟ್ ಮನೆಮಾತಾಗಿದ್ದ. ಉತ್ತರದ ಹಾಮರೋಯ್‌ನಲ್ಲಿ ಅವನದೊಂದು ಬಿಡುವಿನ ಮನೆಯಿತ್ತು. ಹಾಮರೋಯ್ ಎಂದರೆ ಕ್ನುಟ್ ಹಾಮ್ಸುನ್ ಬಾಲ್ಯ ಕಳೆದ ಊರು. ನೊಬೆಲ್ ಪಡೆದ, ಆಮೇಲೆ ಹಿಟ್ಲರನನ್ನು ಹೊಗಳಿ ತನ್ನ ಜನರ ಕಣ್ಣಲ್ಲಿ ಕೀಳಾದ ಲೇ‌ಖಕ.

2013ರ ಏಪ್ರಿಲ್

ಟಾಪರ್ಟ್ ತೀರಿಕೊಂಡದ್ದು 2008ರ ಡಿಸೆಂಬರ್ 13ರಂದು, 85ನೇ ವಯಸ್ಸಿನಲ್ಲಿ. ಯುದ್ಧದಲ್ಲಿ ವೈದ್ಯಕೀಯ ಸಹಾಯಕನಾಗಿದ್ದೆ, ಸೆರೆ ಸಿಕ್ಕಿದ್ದೆ ಎಂಬುದಕ್ಕಿಂತ ಹೆಚ್ಚಿನದನ್ನು ಬದುಕಿದ್ದಾಗ ಹೇಳಿರಲಿಲ್ಲ. ನಾಲ್ಕು ವರ್ಷ ದಾಟಿದ ಮೇಲೆ ಯೋರ್ಗ್ ಬೆಕರ್ ಎಂಬ ಸಮಾಜವಿಜ್ಞಾನಿ ಬೇರೊಬ್ಬರ ಬಗ್ಗೆ ಸಂಶೋಧನೆ ಮಾಡುತ್ತಾ ಬರ್ಲಿನ್‌ನ ಸೈನಿಕ ದಾಖಲೆಗಳಲ್ಲಿ ಟಾಪರ್ಟ್‌ನ ಹೆಸರು ಕಂಡ. ವಾಫೆನ್ ಎಸ್‌ಎಸ್‌ನ ವಿಮಾನ ನಿರೋಧಕ ಪಡೆ, ಆಮೇಲೆ 1943ರ ಮಾರ್ಚ್‌ನಲ್ಲಿ ‘ಟೋಟನ್‌ಕೋಪ್ಫ್’ ಪಡೆಯ ಸೈನಿಕ. ಟೋಟನ್‌ಕೋಪ್ಫ್ ಅಂದರೆ ತಲೆಬುರುಡೆ. ಯಾತನಾ ಶಿಬಿರಗಳ ಕಾವಲುಗಾರರಿಂದ ಕಟ್ಟಿದ ಪಡೆ ಅದು. ಆ ತಿಂಗಳು ಅದು ಪೂರ್ವ ರಂಗದಲ್ಲಿ, ಖಾರ್ಕಿವ್‌ಗಾಗಿ ಹೋರಾಡುತ್ತಿತ್ತು. ಟಾಪರ್ಟ್‌ಗೆ ಆಗ ಹತ್ತೊಂಬತ್ತು.

ಏಪ್ರಿಲ್ ಕೊನೆಯಲ್ಲಿ ಸುದ್ದಿ ಪತ್ರಿಕೆಗಳಿಗೆ ಬಂತು. ಇನ್ನು ಮುಂದೆ ಡೆರಿಕ್ ಮರುಪ್ರಸಾರ ಮಾಡುವುದಿಲ್ಲ ಎಂದು ಜೆಡ್‌ಡಿಎಫ್ ಹೇಳಿತು. ನೆದರ್‌ಲೆಂಡ್ಸ್‌ನಲ್ಲೂ ಕಂತುಗಳನ್ನು ತಡೆದರು. ಬವೇರಿಯಾ ಪೊಲೀಸರು ಅವನಿಗೆ ಕೊಟ್ಟಿದ್ದ ಗೌರವ ಪದವಿಯನ್ನು ಹಿಂದಕ್ಕೆ ಪಡೆಯುವ ಮಾತೂ ಎದ್ದಿತು. ಅದಕ್ಕೆ ಏಳು ವರ್ಷ ಮುಂಚೆ ಜರ್ಮನ್ ಲೇಖಕ ಗ್ಯುಂಟರ್ ಗ್ರಾಸ್ ಹದಿನೇಳರ ಹುಡುಗನಾಗಿ ತಾನು ವಾಫೆನ್ ಎಸ್‌ಎಸ್‌ನಲ್ಲಿದ್ದುದನ್ನು ಒಪ್ಪಿಕೊಂಡಿದ್ದ. ಇಷ್ಟು ತಡವಾಗಿ ಯಾಕೆ ಎಂದು ಜಗತ್ತು ಅವನನ್ನು ಜರೆದಿತ್ತು. ತಡವಾದರೂ ಅವನು ಬಾಯಿ ಬಿಟ್ಟ. ರೈನೆಕರ್ ಕೂಡ ತನ್ನ ಬದುಕಿನ ನೆಪದಲ್ಲಿ ಕಾಲದ ವರದಿ ಒಪ್ಪಿಸುತ್ತೇನೆಂದು 1990ರಲ್ಲಿ ಆತ್ಮಕಥೆ ಬರೆದ. ಟಾಪರ್ಟ್ ಏನನ್ನೂ ಹೇಳದೆ ಹೋದ.

ಹತ್ತೊಂಬತ್ತರ ಹುಡುಗ ಸೇನೆಯಲ್ಲಿ ಇದ್ದದ್ದಕ್ಕಿಂತ ಐವತ್ತು, ಅರವತ್ತು, ಎಪ್ಪತ್ತರ ಮನುಷ್ಯ ಅದನ್ನು ಮುಚ್ಚಿಟ್ಟದ್ದು ನನಗೆ ಹೆಚ್ಚು ನೋವು ಕೊಡುತ್ತದೆ. 281 ಸಲ ಬೇರೆಯವರ ಮನೆಗೆ ಹೋಗಿ, ನೀವು ಹೇಳದೆ ನಿಮಗೆ ಬಿಡುಗಡೆಯಿಲ್ಲ ಎನ್ನುವ ಮಾತನ್ನು ಬಾಯಿಪಾಠ ಮಾಡಿ ಹೇಳಿದವನು ಅವನು. ಆದರೆ ಮರುಪ್ರಸಾರ ನಿಲ್ಲಿಸಿದ್ದು ಸರಿಯೆಂದು ನಾನು ಒಪ್ಪಲಾರೆ. ಈ ಧಾರಾವಾಹಿಯನ್ನು ಮುಚ್ಚಿಟ್ಟರೆ ಜರ್ಮನಿಗೆ ತನ್ನ ಬಗ್ಗೆ ಇರುವ ಒಂದು ದೊಡ್ಡ ಸಾಕ್ಷ್ಯ ಮುಚ್ಚಿಹೋಗುತ್ತದೆ. ಡೆರಿಕ್ ಒಂದು ಬಗೆಯ ತಪ್ಪೊಪ್ಪಿಗೆ ಎಂದೇ ನನ್ನ ನಂಬಿಕೆ. ಒಪ್ಪಿಕೊಳ್ಳಬೇಕಾದವರು ಬೇರೆ ಬೇರೆ ಹೆಸರಿನ ಪಾತ್ರಗಳಿಂದ ಕಂತು ಕಂತಿಗೂ ಹೇಳಿಸಿದ ತಪ್ಪೊಪ್ಪಿಗೆ. ಪಾಲ್ಮರ್, ಲಿಂಟ್‌ಬರ್ಗ್, ಬ್ರಿನಿಖ್ ಕೆಲಸವನ್ನೂ ಟಾಪರ್ಟ್ ಜೊತೆಗೇ ಕಪಾಟಿಗೆ ತಳ್ಳುವುದು ಅವರನ್ನು ಎರಡನೇ ಸಲ ಹೊರಗೆ ಹಾಕಿದಂತೆ.

‘ಡೆರ್ ಆಲ್ಟೆ’ಗೆ ಇಂಥ ಹೊರೆ ಇಲ್ಲ. ನಮ್ಮ ಕ್ಯೋಸ್ಟರ್ ನೂರು ಕಂತು ಮುಗಿಸಿ, ಕಥೆಯೊಳಗೆ ಗುಂಡೇಟಿಗೆ ಸಿಕ್ಕಿ ಹೊರಟ ಮೇಲೆ ಬೇರೆ ಬೇರೆ ನಟರು ಆ ಕುರ್ಚಿಯಲ್ಲಿ ಕೂತರು. ಧಾರಾವಾಹಿ ಇನ್ನೂ ನಡೆಯುತ್ತಿದೆ. ಎಂಬತ್ತರ ದಶಕದಲ್ಲೇ ಅದು ಚಾರ್ಲ್ಸ್ ಹ್ಯೂಬರ್ ಎಂಬ ಕಪ್ಪು ಜರ್ಮನ್ ನಟನನ್ನು ಮ್ಯೂನಿಕ್ ಪೊಲೀಸನನ್ನಾಗಿ ತೋರಿಸಿತು. ಅವನು ಮುಂದೆ ಸಂಸತ್ ಸದಸ್ಯನೂ ಆದ.

ಡೆರಿಕ್ ನೋಡಬೇಕೆನ್ನುವವರು ಮೊದಲ ಎರಡು ಮೂರು ವರ್ಷದ ಕಂತುಗಳಿಂದ ಶುರು ಮಾಡಿದರೆ ಒಳ್ಳೆಯದು. ‘ವಾಲ್ಟ್‌ವೆಗ್’ ಮೊದಲು, ‘ಯೊಹಾನಾ’ ಆಮೇಲೆ. ಜೊತೆಗೆ ಇನ್ನೊಂದು ಸಿನಿಮಾವನ್ನೂ ಹುಡುಕಿ ನೋಡಬೇಕು: ಬೆರ್ನ್‌ಹಾರ್ಟ್ ವಿಕಿಯ 1959ರ ‘ಡೀ ಬ್ರ್ಯುಕೆ’. ಯುದ್ಧದ ಕೊನೆಯ ದಿನಗಳಲ್ಲಿ ಶಾಲೆಯಿಂದ ಎಳೆತಂದ ಏಳು ಹುಡುಗರನ್ನು ಯಾರಿಗೂ ಬೇಡದ ಒಂದು ಸೇತುವೆ ಕಾಯಲು ನಿಲ್ಲಿಸುತ್ತಾರೆ. ಒಬ್ಬ ಮಾತ್ರ ಬದುಕಿ ಉಳಿಯುತ್ತಾನೆ. ಆ ಒಬ್ಬನ ಪಾತ್ರ ಮಾಡಿದವನು ಫ್ರಿಟ್ಸ್ ವೆಪ್ಪರ್, ಹದಿಹರೆಯದಲ್ಲಿ. ಅವನ ಸ್ವಂತ ತಂದೆ ಯುದ್ಧದಿಂದ ಮರಳಿ ಬಂದಿರಲಿಲ್ಲ. 2024ರ ಮಾರ್ಚ್‌ನಲ್ಲಿ ಅವನೂ ತೀರಿಕೊಂಡ. ಡೆರಿಕ್‌ನ ಹಿಂದೆ ಎರಡು ಹೆಜ್ಜೆ ದೂರದಲ್ಲಿ, ಮಾತಿಲ್ಲದೆ, ಕೈ ಜೇಬಿನಲ್ಲಿಟ್ಟು ನಿಲ್ಲುವ ಹ್ಯಾರಿಯದು ಸಣ್ಣ ಪಾತ್ರ ಎಂದು ಜನ ಲೇವಡಿ ಮಾಡಿದ್ದುಂಟು. ‘ಡೀ ಬ್ರ್ಯುಕೆ’ ನೋಡಿ ಬಂದ ಮೇಲೆ ಆ ಮಾತನ್ನು ನಾನು ಒಪ್ಪುವುದಿಲ್ಲ. ಎದುರಿಗಿದ್ದವನು ಸುಳ್ಳು ಹೇಳುವಾಗ ಟಾಪರ್ಟ್ ಪ್ರಶ್ನೆ ಕೇಳುತ್ತಾನೆ, ವೆಪ್ಪರ್ ಬರೀ ಕೇಳಿಸಿಕೊಳ್ಳುತ್ತಾನೆ. ಒಂದು ಕಂತನ್ನು ಪೂರ್ತಿಯಾಗಿ ವೆಪ್ಪರ್ ಒಬ್ಬನನ್ನೇ ಗಮನಿಸುತ್ತಾ ನೋಡಿ. ಯಾರು ನಿಜ ಹೇಳುತ್ತಿದ್ದಾರೆ ಎಂಬುದು ಅವನ ಮುಖದಲ್ಲಿ ಡೆರಿಕ್‌ಗಿಂತ ಮೊದಲೇ ಕಾಣುತ್ತದೆ.